ಆಂಟೆನಾ ಓದಿ ಏನು ಮಾಡ್ತೀರಿ ಎನ್ನುವವರಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಮಗನೋ ಮಗಳೋ ಇಂಜಿನಿಯರಿಂಗ್ ಸೇರಿದ ಮನೆಗೆ ಹೋದರೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಕಂಪ್ಯೂಟರ್ ಸೈನ್ಸ್ ಸಿಕ್ಕಿದ್ದರ ಚಲೋ ಆಗ್ತಿತ್ತು, ಸಿಗಲಿಲ್ಲ, ಇ.ಸಿ. (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ತಗೊಂಡಾನ, ಹೆಂಗೂ ಕೋಡಿಂಗ್ ಕಲ್ತು ಐ.ಟಿ. ಕಂಪನಿಗೇ ಹೋಗೂದು. ಹಾಗೆ ಬೆಳಗಾವಿಗೋ ಧಾರವಾಡಕ್ಕೋ ಬಾಗಲಕೋಟೆಗೋ ಹೋದ ಹುಡುಗರು ಮೂರನೆಯ ವರ್ಷಕ್ಕೆ ಬಂದು ಆಂಟೆನಾ ಪುಸ್ತಕ ಕೈಗೆತ್ತಿಕೊಂಡಾಗ ಸೀನಿಯರುಗಳು ಹೇಳುವುದೂ ಇದನ್ನೇ. ಕೆಲವು ಸಲ ಪಾಠ ಮಾಡುವವರೇ ಹೇಳುತ್ತಾರೆ. ಇದು ಪಾಸಾಗುವ ವಿಷಯ. ಹಳೆಯ ಪ್ರಶ್ನೆಪತ್ರಿಕೆ ತಿರುವಿ ಹಾಕು, ಡೆರಿವೇಶನ್ ಬಾಯಿಪಾಠ ಮಾಡು, ಮುಗಿಸು. ಡಿಸೈನ್ ಮಾಡಲಿಕ್ಕೆ ಸಾಫ್ಟ್‌ವೇರ್ ಇದೆ. ಕೆಲಸ ಇರುವುದು ಕೋಡಿಂಗಿನಲ್ಲಿ. ಅದರ ಗಣಿತ ನಮ್ಮ ಕಡೆಯ ಹುಡುಗರಿಗೆ ಭಾರ. ಆಂಟೆನಾ ಕಟ್ಟುವುದೇನಿದ್ದರೂ ಇಸ್ರೋದವರ ಉಸಾಬರಿ.

ಈ ಮಾತು ತಪ್ಪು, ಅದರ ಒಂದೊಂದು ತುಂಡೂ ತಪ್ಪು. ಬರೀ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಅದರಿಂದ ಹಾನಿಯಾಗುತ್ತಿದೆ, ಮತ್ತು ಆ ಹಾನಿ ಮೊದಲು ತಟ್ಟುವುದು ಫೀಸು ಕಟ್ಟಲು ದುಡ್ಡು ಕೊಟ್ಟ ಹೊಲಗಳಿಗೇ.

ಸವದತ್ತಿ ತಾಲೂಕಿನ ಒಂದು ಕಬ್ಬಿನ ಹೊಲದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರು. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬಂದೀತೆಂದು ಹೇಳಲಾಗದ ಕಡೆ ಈ ಸ್ಟಾರ್ಟರು ದೊಡ್ಡ ಉಪಕಾರಿ. ಒಳಗೊಂದು ಸಿಮ್ ಇರುತ್ತದೆ, ಮನೆಯಿಂದ ಫೋನು ಮಾಡಿದರೆ ಮೋಟಾರು ಶುರುವಾಗುತ್ತದೆ. ನಡುರಾತ್ರಿ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಹೊಲಕ್ಕೆ ಓಡುವುದು ತಪ್ಪುತ್ತದೆ. ಆದರೆ ಈ ಹೊಲದ ಸ್ಟಾರ್ಟರು ಫೋನಿಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಹೊಲದ ಯಜಮಾನರು ಪಕ್ಕದಲ್ಲಿದ್ದ ಅಣ್ಣನ ಮಗನಿಗೆ, ‘ತಮ್ಮಾ, ನೀ ಇಂಜಿನಿಯರಿಂಗ್ ಓದಾಕತ್ತಿಯಲ್ಲ, ಇದಕ್ಕ ರೇಂಜ್ ಯಾಕ ಹತ್ತವಲ್ದು ನೋಡಪಾ’ ಎಂದರು. ಇ.ಸಿ. ಕೊನೆಯ ವರ್ಷದಲ್ಲಿದ್ದ, ಆಂಟೆನಾ ಪೇಪರಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಹುಡುಗ ‘ಕಾಕಾ, ಸಿಮ್ ಬದಲಿ ಮಾಡಿ ನೋಡ್ರಿ’ ಎಂದ.

ಸಿಮ್ಮಿನಲ್ಲಿ ಏನೂ ಕೊರತೆ ಇರಲಿಲ್ಲ. ಸ್ಟಾರ್ಟರಿನ ಡಬ್ಬಿ ತಗಡಿನದು. ಅದರ ಜೊತೆ ಬಂದಿದ್ದ, ತಳದಲ್ಲಿ ಅಯಸ್ಕಾಂತ ಇರುವ ಪುಟ್ಟ ಕಡ್ಡಿ ಆಂಟೆನಾವನ್ನು ಮಳೆಗೆ ಹಾಳಾದೀತೆಂದು ಅದೇ ಡಬ್ಬಿಯ ಒಳಗೆ ಸುತ್ತಿ ಇಟ್ಟಿದ್ದರು. ತಗಡಿನ ಡಬ್ಬಿಯೊಳಕ್ಕೆ ರೇಡಿಯೋ ತರಂಗ ಸಂದುಗೊಂದಿನಿಂದ ಅಷ್ಟಿಷ್ಟು ನುಸುಳಬೇಕೇ ಹೊರತು ಬೇರೆ ದಾರಿಯಿಲ್ಲ. ಮೊದಲು ಇನ್ನೊಂದು ಉಪಾಯ ಮಾಡಿ ನೋಡಿದ್ದರಂತೆ: ಆಂಟೆನಾವನ್ನು ಇಟ್ಟಿಗೆ ಗೋಡೆಯ ಮೊಳೆಗೆ ನೇತುಹಾಕಿ, ತೆಳ್ಳನೆಯ ವೈರಿಗೆ ಇನ್ನೂ ಹತ್ತು ಮೀಟರ್ ವೈರು ಕೂಡಿಸಿದ್ದರು. ಅದರಿಂದ ಕೆಲಸ ಇನ್ನೂ ಕೆಟ್ಟಿತು. ಆ ಜಾತಿಯ ಸಪೂರ ಕೇಬಲ್ 900 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬೆಲ್ ನುಂಗುತ್ತದೆ. ಹತ್ತು ಮೀಟರಿಗೆ ಹತ್ತು ಡೆಸಿಬೆಲ್, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ದಾರಿಯಲ್ಲೇ ಮಾಯ.

ಮಾಡಬೇಕಾದದ್ದು ಇಷ್ಟೇ ಇತ್ತು. 900 ಮೆಗಾಹರ್ಟ್ಸ್ ತರಂಗದ ಉದ್ದ 33 ಸೆಂಟಿಮೀಟರ್, ಅದರ ಕಾಲುಭಾಗ ಸುಮಾರು 8 ಸೆಂಟಿಮೀಟರ್. ಆ ಕಡ್ಡಿ ಅಷ್ಟೇ ಉದ್ದ ಇರುವುದು ಇದೇ ಕಾರಣಕ್ಕೆ. ಅದು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಕೆಲಸವನ್ನು ಅದು ಕುಳಿತ ಲೋಹದ ತಗಡು ಮಾಡಿಕೊಡಬೇಕು. ಆದ್ದರಿಂದ ಡಬ್ಬಿಯ ನೆತ್ತಿಯ ಮೇಲೆ, ನಟ್ಟನಡುವೆ, ನೆಟ್ಟಗೆ ಕೂರಿಸಬೇಕು. ಕೇಬಲ್ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಕಬ್ಬು ಆಳೆತ್ತರ ಬೆಳೆದು ಸುತ್ತ ನಿಂತ ಮೇಲೆ ನೀರು ತುಂಬಿದ ಆ ಎಲೆಗಳೂ ತರಂಗವನ್ನು ಹೀರುತ್ತವೆ, ಆಗ ಇಡೀ ಡಬ್ಬಿಯನ್ನೇ ಎತ್ತರಕ್ಕೆ ಏರಿಸಬೇಕಾಗುತ್ತದೆ. ಕಾಲುತರಂಗದ ಮಾನೊಪೋಲ್, ಅದರ ಕೆಳಗಿನ ಗ್ರೌಂಡ್ ಪ್ಲೇನ್, ಕೇಬಲ್ಲಿನ ನಷ್ಟ ಎಲ್ಲವೂ ಆ ಹುಡುಗ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದ ವಿಷಯ. ಹೊಲದಲ್ಲಿ ಅದು ಅವನಿಗೆ ಗುರುತೇ ಸಿಗಲಿಲ್ಲ. ತಪ್ಪು ಹುಡುಗನದಲ್ಲ. ಇದು ಪಾಸಾಗುವ ವಿಷಯ ಎಂದು ಅವನಿಗೆ ಎಲ್ಲರೂ ಸೇರಿ ಕಲಿಸಿದ್ದರು, ಅವನು ಪಾಸಾಗಿದ್ದ.

ಆಂಟೆನಾ ನಮಗೆ ಹೊಸದು, ದೂರದ್ದು ಎನ್ನುವವರು ಈ ಸೀಮೆಯ ನೆನಪನ್ನೇ ಕಳೆದುಕೊಂಡಿದ್ದಾರೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅದರ ಮೀಡಿಯಂ ವೇವ್ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿ. ತರಂಗದ ಉದ್ದ 392 ಮೀಟರ್, ಕಾಲುತರಂಗವೆಂದರೂ 98 ಮೀಟರ್. ಮೀಡಿಯಂ ವೇವಿನಲ್ಲಿ ಆಂಟೆನಾ ಕಂಬದ ತುದಿಯಲ್ಲಿ ಇರುವುದಿಲ್ಲ, ಕಂಬವೇ ಆಂಟೆನಾ. ಬುಡದಿಂದ ಸುತ್ತಲೂ ಮಣ್ಣಿನೊಳಗೆ ತಾಮ್ರದ ತಂತಿ ಹೂಳಿರುತ್ತಾರೆ. ತರಂಗ ನೆಲಕ್ಕೆ ಅಂಟಿಕೊಂಡು ಸಾಗುವುದರಿಂದ ನೆಲದ ಗುಣ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಬೈಲಹೊಂಗಲದಂಥ ಎರಿಭೂಮಿ ಹಸಿಯಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ, ತರಂಗ ದೂರ ಹೋಗುತ್ತದೆ, ಸವದತ್ತಿ-ರಾಮದುರ್ಗದ ಒಣ ಕಲ್ಲುಗುಡ್ಡ ಹಾಗೆ ಒದಗುವುದಿಲ್ಲ. ಬಿತ್ತುವವನಿಗೆ ಎರಿ, ಮಸಾರಿ ಎಂಬ ಭೇದ ಎಷ್ಟು ಮುಖ್ಯವೋ ರೇಡಿಯೋ ಇಂಜಿನಿಯರನಿಗೂ ಅಷ್ಟೇ ಮುಖ್ಯ. ಈ ಮಣ್ಣಿನ ಮಕ್ಕಳಿಗೆ ಇದನ್ನು ಹೇಳಿಕೊಡುವಷ್ಟು ಸುಲಭ ಬೇರೆ ಯಾರಿಗೂ ಅಲ್ಲ.

ಟಿ.ವಿ.ಯ ಕಾಲವನ್ನಂತೂ ಹಿರಿಯರು ಮರೆತಿರಲಾರರು. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದ ಮೇಲೆ ರವಿವಾರ ಬೆಳಿಗ್ಗೆ ಒಬ್ಬರು ಮಾಳಿಗೆ ಹತ್ತಿ ಪೈಪು ತಿರುಗಿಸುವುದು, ಇನ್ನೊಬ್ಬರು ಅಂಗಳದಿಂದ ‘ಬಂತು, ಬಂತು, ಹೋತು, ಸ್ವಲ್ಪ ಹಿಂದಕ್ಕ’ ಎಂದು ಕೂಗುವುದು ಮನೆಮನೆಯ ಕತೆ. ಅದು ಯಾಗಿ-ಉಡಾ ಆಂಟೆನಾ. ಹಿಂದಿನ ಕಡ್ಡಿ ತುಸು ಉದ್ದ, ಮುಂದಿನ ಕಡ್ಡಿಗಳು ತುಸು ಗಿಡ್ಡ, ಶಕ್ತಿ ಒಂದೇ ದಿಕ್ಕಿಗೆ. ಬೂಸ್ಟರನ್ನು ಟಿ.ವಿ. ಪಕ್ಕದಲ್ಲಿ ಇಟ್ಟರೆ ಕೇಬಲ್ಲಿನಲ್ಲಿ ಸೊರಗಿದ ಸಿಗ್ನಲ್ಲಿನ ಜೊತೆ ಗದ್ದಲವೂ ದೊಡ್ಡದಾಗುತ್ತದೆ, ಮೇಲೆ ಆಂಟೆನಾದ ಬಳಿ ಕಟ್ಟಿದರೆ ಚಿತ್ರ ತಿಳಿಯಾಗುತ್ತದೆ ಎಂಬುದನ್ನು ಒಳ್ಳೆಯ ರಿಪೇರಿಯವರು ಅನುಭವದಿಂದ ಬಲ್ಲವರಾಗಿದ್ದರು. ಆ ಕೈತಿಳಿವಳಿಕೆಗೆ ಕಾಲೇಜು ಗಣಿತ ಸೇರಿಸಿಕೊಟ್ಟಿದ್ದರೆ ಒಂದು ತಲೆಮಾರು ತಯಾರಾಗುತ್ತಿತ್ತು. ಡಿಶ್ ಬಂತು, ಕೇಬಲ್ ಬಂತು, ಕಡ್ಡಿಗಳು ಗುಜರಿಗೆ ಹೋದವು. ಅದರ ಜೊತೆ ವಿದ್ಯೆಯೂ ಗುಜರಿಯದೇ ಎಂದು ನಾವು ತೀರ್ಮಾನಿಸಿಬಿಟ್ಟೆವು.

ಈ ಯಾಗಿ ಆಂಟೆನಾದ ಚರಿತ್ರೆಯಲ್ಲೇ ಒಂದು ಕಹಿ ಪಾಠ ಇದೆ. ಜಪಾನಿನ ಸೆಂದಾಯಿ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಇದನ್ನು ಪ್ರಕಟಿಸಿದರು. ಸ್ವಂತ ದೇಶದಲ್ಲಿ ಅದಕ್ಕೆ ಬೆಲೆ ಸಿಗಲಿಲ್ಲ. ಹೊರಗಿನವರು ಓದಿ ರೇಡಾರಿಗೆ ಬಳಸಿಕೊಂಡರು. 1942ರಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಬ್ರಿಟಿಷರ ರೇಡಾರ್ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ‘ಯಾಗಿ’ ಎಂದು ಬರೆದಿತ್ತು. ಅದೇನೆಂದು ಜಪಾನಿ ಅಧಿಕಾರಿಗಳಿಗೆ ಗೊತ್ತಾಗಲಿಲ್ಲ. ಕೊನೆಗೆ ಸೆರೆಸಿಕ್ಕ ಬ್ರಿಟಿಷ್ ಸೈನಿಕನನ್ನೇ ಕೇಳಬೇಕಾಯಿತು. ಅದು ನಿಮ್ಮದೇ ದೇಶದ ಪ್ರೊಫೆಸರರ ಹೆಸರು ಎಂದು ಅವನು ಹೇಳಿದ. ಮನೆಯ ವಿದ್ಯೆಯನ್ನು ಉಪಯೋಗಕ್ಕಿಲ್ಲ ಎಂದು ಮೂಲೆಗೆ ಹಾಕಿದವರಿಗೆ ಆದ ಗತಿ ಇದು.

ಈಗ ಸಾಫ್ಟ್‌ವೇರಿನ ಮಾತಿಗೆ ಬರುತ್ತೇನೆ. ಓದಿದವರ ಬಾಯಲ್ಲಿ ಅತಿ ಹೆಚ್ಚು ಓಡಾಡುವ ವಾದ ಇದು, ಅತಿ ಹೆಚ್ಚು ಟೊಳ್ಳಾದದ್ದೂ ಇದೇ. ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಕಾಣುವುದು 2.4 ಗಿಗಾಹರ್ಟ್ಸ್‌ನ ಮೈಕ್ರೋಸ್ಟ್ರಿಪ್ ಪ್ಯಾಚ್ ಆಂಟೆನಾ. 1.6 ಮಿಲಿಮೀಟರ್ ದಪ್ಪದ ಎಫ್.ಆರ್.-4 ಹಲಗೆ, ಅದರ ಮೇಲೆ ಸುಮಾರು 38ಕ್ಕೆ 29 ಮಿಲಿಮೀಟರಿನ ತಾಮ್ರದ ಆಯತ. ಸಿಮ್ಯುಲೇಶನ್ ಓಡಿಸುತ್ತಾರೆ, ಎಸ್-ಒನ್-ಒನ್ ಗ್ರಾಫು ಮೈನಸ್ 25 ಡೆಸಿಬೆಲ್ಲಿಗೆ ಇಳಿಯುತ್ತದೆ, ಅದನ್ನು ರಿಪೋರ್ಟಿಗೆ ಅಂಟಿಸಿ ಡಿಸೈನ್ ಯಶಸ್ವಿ ಎಂದು ಬರೆಯುತ್ತಾರೆ. ಎಷ್ಟೋ ಪ್ರಾಜೆಕ್ಟುಗಳಲ್ಲಿ ಹಲಗೆಯನ್ನು ಕೊರೆಯುವುದೂ ಇಲ್ಲ, ಅಳೆಯುವುದೂ ಇಲ್ಲ. ಆ ಗ್ರಾಫು ಹೇಳುವುದು ಆಂಟೆನಾಕ್ಕೆ ಕೊಟ್ಟ ಶಕ್ತಿ ಎಷ್ಟು ವಾಪಸು ಬಂತು ಎಂಬುದನ್ನು ಮಾತ್ರ. ವಾಪಸು ಬರದದ್ದು ಗಾಳಿಗೆ ಹೋಯಿತೋ ಹಲಗೆಯಲ್ಲೇ ಬಿಸಿಯಾಗಿ ಸತ್ತಿತೋ ಎಂಬುದನ್ನು ಅದು ಹೇಳುವುದಿಲ್ಲ. ಕೇಬಲ್ಲಿನ ತುದಿಗೆ 50 ಓಮಿನ ಒಂದು ಒಳ್ಳೆಯ ರೆಸಿಸ್ಟರ್ ಸಿಕ್ಕಿಸಿ ನೋಡಿ: ಗ್ರಾಫು ಯಾವ ಪ್ಯಾಚಿಗಿಂತಲೂ ಚಂದ ಬರುತ್ತದೆ, ಪ್ರಸಾರ ಮಾತ್ರ ಶೂನ್ಯ. ಎಫ್.ಆರ್.-4 ಮೂಲತಃ ಸರ್ಕ್ಯೂಟ್ ಬೋರ್ಡಿನ ಸರಕು, ಈ ಆವರ್ತನದಲ್ಲಿ ಶಕ್ತಿಯ ಗಣನೀಯ ಪಾಲನ್ನು ಅದು ತಾನೇ ತಿನ್ನುತ್ತದೆ. ಸಾಫ್ಟ್‌ವೇರ್ ಇದನ್ನು ಮುಚ್ಚಿಡುವುದಿಲ್ಲ. ದಕ್ಷತೆ ಎಷ್ಟೆಂದು ಕೇಳಿದರೆ ಹೇಳುತ್ತದೆ. ಕೇಳಬೇಕೆಂದು ತಿಳಿಯಲು ಸಿದ್ಧಾಂತ ಓದಿರಬೇಕು.

ನಮ್ಮ ಕಾಲೇಜುಗಳಲ್ಲಿ ಪಠ್ಯವಾಗಿರುವ ಆಂಟೆನಾ ಪುಸ್ತಕ ಜಾನ್ ಕ್ರಾಸ್ ಅವರದು. ಅವರ ಹೆಲಿಕಲ್ ಆಂಟೆನಾ ಹುಟ್ಟಿದ ಬಗೆ ಇಲ್ಲಿ ಹೇಳಲೇಬೇಕು. 1946ರಲ್ಲಿ ಅತಿಥಿ ವಿಜ್ಞಾನಿಯೊಬ್ಬರ ಉಪನ್ಯಾಸದಲ್ಲಿ, ಎಲೆಕ್ಟ್ರಾನ್ ಕೊಳವೆಯೊಳಗಿನ ಸುರುಳಿ ತಂತಿಯ ಬಗ್ಗೆ ಕೇಳಿದ ಕ್ರಾಸ್, ಇದು ಆಂಟೆನಾ ಆಗಬಲ್ಲದೇ ಎಂದು ವಿಚಾರಿಸಿದರು. ಮಾಡಿ ನೋಡಿದ್ದೇನೆ, ಆಗುವುದಿಲ್ಲ ಎಂದು ಉತ್ತರ ಬಂತು. ಮನೆಗೆ ಹೋಗಿ, ಒಂದು ಸುತ್ತು ಒಂದು ತರಂಗದಷ್ಟಾಗುವಂತೆ ತಂತಿ ಸುತ್ತಿ ನೋಡಿದರು. ಆಯಿತು. ಮುಂದೆ ಉಪಗ್ರಹಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂತು. ಅವರು ಮಾಡಿದ ಕೆಲಸಕ್ಕೆ ಬೇಕಾಗಿದ್ದದ್ದು ತಂತಿ, ಕೈ, ಸುತ್ತಳತೆ ಎಷ್ಟಿರಬೇಕೆಂದು ಹೇಳುವ ತಲೆ. ನಮ್ಮ ವಿದ್ಯಾರ್ಥಿಗಳು ಅದೇ ಪುಸ್ತಕ ಹಿಡಿದು ಹೆಲಿಕ್ಸಿನ ಸೂತ್ರವನ್ನು ಬರೆಯುತ್ತಾರೆ, ತಂತಿ ಸುತ್ತುವುದಿಲ್ಲ.

ತಂತಿಗೆ ಬರಗಾಲವೇ? ಬೈಲಹೊಂಗಲದಂಥ ಊರಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬೇಕಾದ ಗೇಜಿನ ತಾಮ್ರ ಸಿಗುತ್ತದೆ. ಎಫ್.ಎಂ. ಪಟ್ಟಿಯ ನಡುವಿನ 100 ಮೆಗಾಹರ್ಟ್ಸ್‌ಗೆ ಅರ್ಧತರಂಗ ಒಂದೂವರೆ ಮೀಟರ್. ತಂತಿಯ ತುದಿಯ ಪರಿಣಾಮ ಕಳೆದರೆ ಸುಮಾರು 1.43 ಮೀಟರ್. ಅದನ್ನು ನಡುವೆ ಕತ್ತರಿಸಿ, ಎನಾಮಲ್ ಹೆರೆದು, ಕೇಬಲ್ ಸೋಲ್ಡರ್ ಮಾಡಿ, ಬಿದಿರಿನ ಗಳಕ್ಕೆ ಅಡ್ಡ ಕಟ್ಟಿ, ಕಿತ್ತೂರಿನ ಯಾವುದಾದರೂ ಮಾಳಿಗೆಯ ಮೇಲೆ ನಿಂತು ಧಾರವಾಡದ ಎಫ್.ಎಂ. ಹಿಡಿಯಬಹುದು. ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರೇಡಿಯೋ ಡಾಂಗಲ್ ಸಿಗ್ನಲ್ಲಿನ ಬಲವನ್ನು ಪರದೆಯ ಮೇಲೆ ತೋರಿಸುತ್ತದೆ. ಗಳವನ್ನು ಮೆಲ್ಲಗೆ ತಿರುಗಿಸಿದರೆ, ತಂತಿಯ ಅಗಲ ಧಾರವಾಡಕ್ಕೆ ಎದುರಾದಾಗ ಸಿಗ್ನಲ್ ಏರುತ್ತದೆ, ತುದಿ ಧಾರವಾಡದತ್ತ ಚಾಚಿದಾಗ ಕುಸಿಯುತ್ತದೆ. ಹತ್ತು ಹತ್ತು ಡಿಗ್ರಿಗೆ ಒಂದೊಂದು ಅಂಕಿ ಬರೆದುಕೊಂಡು ಕಾಗದದ ಮೇಲೆ ಹಾಕಿದರೆ ಪುಸ್ತಕದಲ್ಲಿರುವ ಇಂಗ್ಲಿಷ್ ಎಂಟರ (8) ಆಕಾರ ತಾನಾಗಿ ಮೂಡುತ್ತದೆ. ಗೋಡೆ, ನೀರಿನ ಟಾಕಿ ಅದನ್ನು ಎಲ್ಲಿ ಸೊಟ್ಟಗೆ ಮಾಡಿದವೆಂಬುದೂ ಕಾಣುತ್ತದೆ. ಇದಕ್ಕೆ ಏನನ್ನೂ ಪ್ರಸಾರ ಮಾಡಬೇಕಿಲ್ಲ, ಆಕಾಶವಾಣಿಯೇ ನಮ್ಮ ಸಿಗ್ನಲ್ ಜನರೇಟರ್. ಲಕ್ಷಗಟ್ಟಲೆ ಬೆಲೆಯ ನೆಟ್‌ವರ್ಕ್ ಅನಲೈಸರ್ ಇಲ್ಲ ಎಂಬ ನೆಪವೂ ಹಳತಾಯಿತು: ಅಂಗೈಯಗಲದ ನ್ಯಾನೊ-ವಿ.ಎನ್.ಎ. ಕೆಲವೇ ಸಾವಿರ ರೂಪಾಯಿಗೆ ಬರುತ್ತದೆ. ತಂತಿ ಆಂಟೆನಾಗಳನ್ನು ಲೆಕ್ಕ ಹಾಕುವ ಎನ್.ಇ.ಸಿ.-2 ಎಂಬ ತಂತ್ರಾಂಶ ಪುಕ್ಕಟೆ.

ಗಣಿತ ಭಾರ ಎನ್ನುವವರಿಗೆ ನಾನು ರಾಜೇಶ್ವರಿ ಚಟರ್ಜಿ ಅವರ ಹೆಸರು ಹೇಳುತ್ತೇನೆ. 1922ರಲ್ಲಿ ಹುಟ್ಟಿದ ಈ ಕನ್ನಡತಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತವನ್ನೇ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, 1947ರಲ್ಲಿ ಅಮೆರಿಕದ ಮಿಶಿಗನ್ನಿಗೆ ಹೋಗಿ, 1953ರಲ್ಲಿ ಡಾಕ್ಟರೇಟ್ ಮುಗಿಸಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ವಿದ್ಯುತ್ಕಾಂತ ಸಿದ್ಧಾಂತ, ಮೈಕ್ರೋವೇವ್, ಆಂಟೆನಾ ಕಲಿಸಿದರು, ಪುಸ್ತಕ ಬರೆದರು. ಪತಿ ಶಿಶಿರ ಕುಮಾರ ಚಟರ್ಜಿ ಅವರ ಜೊತೆ ಅವರು ಕಟ್ಟಿದ ಮೈಕ್ರೋವೇವ್ ಸಂಶೋಧನೆ ದೇಶದಲ್ಲಿ ಮೊದಮೊದಲಿನದು. ಹೆಣ್ಣುಮಕ್ಕಳು ಇಂಜಿನಿಯರಿಂಗ್ ಕಡೆ ಮುಖವನ್ನೂ ಮಾಡದ ಕಾಲ ಅದು. ಇಂದು ಕಿತ್ತೂರಿನ ಸೈನಿಕ ಶಾಲೆಯ ಹೆಣ್ಣುಮಕ್ಕಳಿಗೆ ಚನ್ನಮ್ಮನ ಕತೆ ಹೇಳುವಾಗ ಈಕೆಯ ಕತೆಯನ್ನೂ ಹೇಳಬೇಕು ಎಂಬುದು ನನ್ನ ಆಸೆ. ವೆಕ್ಟರ್ ಕ್ಯಾಲ್ಕ್ಯುಲಸ್ ಹಳ್ಳಿಯ ತಲೆಗೆ ಹತ್ತುವುದಿಲ್ಲ ಎಂದು ಯಾರೂ ಪರೀಕ್ಷೆ ಮಾಡಿ ಕಂಡುಕೊಂಡಿಲ್ಲ. ಅರ್ಧತರಂಗ ಡೈಪೋಲಿನ ರೋಧ 73 ಓಮ್ ಎಂದು ಬಾಯಿಪಾಠ ಮಾಡಿಸಿ, ಅದನ್ನು ಒಮ್ಮೆಯೂ ಅಳೆಯಲು ಬಿಡದಿದ್ದರೆ ಯಾವ ಊರಿನ ತಲೆಗೂ ಹತ್ತುವುದಿಲ್ಲ.

ಇಸ್ರೋದವರ ಕೆಲಸ ಎಂಬ ಮಾತಿಗೆ ಉತ್ತರ ಗೌರಿಬಿದನೂರಿನಲ್ಲಿದೆ. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಇಸ್ರೋ ಚಂದ್ರಯಾನಕ್ಕೆಂದು ನಿಲ್ಲಿಸಿದ 32 ಮೀಟರ್ ಅಗಲದ ಬಟ್ಟಲನ್ನು ಕಂಡು, ಇದು ನಮ್ಮ ಕೈಗೆ ಎಟುಕದ್ದು ಎನ್ನಿಸುವುದು ಸಹಜ. ಆದರೆ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಗೌರಿಬಿದನೂರಿನ ಬಯಲಿನಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ, ಕಂಬಗಳ ಮೇಲೆ ಸಾಲಾಗಿ ನಿಂತ ಸಾವಿರ ಡೈಪೋಲ್‌ಗಳದು. ಇಂಗ್ಲಿಷಿನ ಟಿ ಆಕಾರ, ಪೂರ್ವ ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್. 34.5 ಮೆಗಾಹರ್ಟ್ಸ್‌ನಲ್ಲಿ ಅದು ಆಕಾಶದ ನಕ್ಷೆಯನ್ನೇ ಬಿಡಿಸಿಕೊಟ್ಟಿತು. ಒಂದು ಡೈಪೋಲ್ ಏನು ಮಾಡುತ್ತದೆಂದು ತಿಳಿದವನಿಗೆ ಸಾವಿರ ಡೈಪೋಲ್ ಕೂಡಿದರೆ ಏನಾಗುತ್ತದೆಂಬುದು ಅರೇ ಸಿದ್ಧಾಂತದ ಲೆಕ್ಕ. ಆ ಲೆಕ್ಕವೇ ಇಂದಿನ 5ಜಿ ಟವರಿನ ಹಲವು ಅಂಶಗಳ ಆಂಟೆನಾದಲ್ಲೂ ಇದೆ, ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್.ಆರ್.ಡಿ.ಇ. ಯುದ್ಧವಿಮಾನಕ್ಕೆಂದು ತಯಾರಿಸಿದ ಉತ್ತಮ್ ರೇಡಾರಿನಲ್ಲೂ ಇದೆ.

ಕೆಲಸದ ಮಾತನ್ನು ನಾನು ಹಗುರ ಮಾಡುವುದಿಲ್ಲ. ಸಾಲ ಮಾಡಿ ಓದಿಸಿದ ಮನೆಯ ಆತುರ ನ್ಯಾಯವಾದದ್ದು, ಕೋಡಿಂಗ್ ಬೇಗ ಸಂಬಳ ತರುತ್ತದೆ ಎಂಬುದೂ ಎಷ್ಟೋ ಮನೆಗಳಲ್ಲಿ ನಿಜ. ಕೋಡಿಂಗ್ ಕಲಿಯಲಿ. ಆದರೆ ಇ.ಸಿ. ಓದಿದವನಿಗೆ ಕೋಡಿಂಗ್ ಮಾತ್ರ ಬಂದರೆ, ಅವನು ಅದನ್ನೇ ನಾಲ್ಕು ವರ್ಷ ಓದಿದವರ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಕೋಡಿಂಗ್ ಜೊತೆ ತರಂಗವೂ ಗೊತ್ತಿದ್ದವನಿಗೆ ಬೇರೆ ಬಾಗಿಲಿದೆ.

ಇಷ್ಟು ಹೇಳಿಯೂ ನನಗೆ ಮುಖ್ಯವೆನಿಸುವುದು ಈ ನೆಲದ ಅಗತ್ಯವೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಲಕ್ಷಾಂತರ ಜನ ನೆರೆಯುತ್ತಾರೆ. ಫೋನಿನಲ್ಲಿ ಕಡ್ಡಿ ತುಂಬ ಇರುತ್ತವೆ, ಕಾಲ್ ಹೋಗುವುದಿಲ್ಲ. ಗದ್ದಲದಲ್ಲಿ ತಪ್ಪಿಸಿಕೊಂಡ ಮುದುಕಿಗೆ ಮನೆಯವರನ್ನು ಹುಡುಕಲಾಗುವುದಿಲ್ಲ. ‘ಇನ್ನೊಂದು ಟವರ್ ಹಾಕ್ರಿ’ ಎಂದು ಅರ್ಜಿ ಕೊಡುತ್ತಾರೆ. ಅಲ್ಲಿ ಸಿಗ್ನಲ್ ಇದೆ, ಹಂಚಿಕೊಳ್ಳುವವರು ಹೆಚ್ಚಾಗಿದ್ದಾರೆ. ಇದ್ದ ಟವರಿನಲ್ಲೇ ಅಗಲದ ಕಿರಣವನ್ನು ಕಿರಿದಾದ ಹಲವು ಕಿರಣಗಳಾಗಿ ಒಡೆದು, ಗುಡ್ಡದ ಇಳಿಜಾರಿಗೆ ತಕ್ಕಂತೆ ಬಾಗಿಸಿದರೆ ಎಷ್ಟೋ ಹಗುರಾಗುತ್ತದೆ. ಹಾಗೆ ಕೇಳಬಲ್ಲವರು ಅರ್ಜಿ ಬರೆಯುವವರ ಪೈಕಿ ಇರಬೇಕು.

ರಾಮದುರ್ಗದ ವಿಷಯ ಇನ್ನೂ ಗಂಭೀರ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ತಾಲೂಕಿನ ಹೊಳೆದಂಡೆಯ ಊರುಗಳು ನೀರುಪಾಲಾದವು. ನೆರೆಯಲ್ಲಿ ಕರೆಂಟು ಹೋದರೆ ಟವರಿನ ಬ್ಯಾಟರಿ ಕೆಲವು ತಾಸು ತಡೆದೀತು, ಆಮೇಲೆ ಡೀಸೆಲ್ ಮುಟ್ಟಿಸಲು ದಾರಿಯೇ ಇರುವುದಿಲ್ಲ. ಹವ್ಯಾಸಿ ರೇಡಿಯೋದವರ 7 ಮೆಗಾಹರ್ಟ್ಸ್ ಪಟ್ಟಿಗೆ ಸುಮಾರು 20 ಮೀಟರ್ ತಂತಿಯ ಒಂದು ಡೈಪೋಲ್ ಸಾಕು. ಅದನ್ನು ಎತ್ತರಕ್ಕೆ ಏರಿಸುವುದೂ ಬೇಡ. ಎರಡು ಬೇವಿನ ಮರದ ನಡುವೆ ತಗ್ಗಾಗಿ ಕಟ್ಟಿದರೆ ತರಂಗ ನೇರ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿನ ಮೇಲೆ ಇಳಿಯುತ್ತದೆ. ಗುಡ್ಡ ಅಡ್ಡ ಬರುವುದಿಲ್ಲ. ಕಾರಿನ ಬ್ಯಾಟರಿಯ ಮೇಲೆ ಬೆಳಗಾವಿಯ ಜೊತೆ, ಬೇಕಾದರೆ ಬೆಂಗಳೂರಿನ ಜೊತೆ ಮಾತಾಡಬಹುದು. ಪರವಾನಗಿಗೆ ಕೇಂದ್ರ ಸರ್ಕಾರದ ಪರೀಕ್ಷೆ ಇದೆ, ಶ್ರದ್ಧೆಯಿಂದ ಓದಿದ ಪಿ.ಯು. ವಿದ್ಯಾರ್ಥಿಯೂ ಅದನ್ನು ಪಾಸು ಮಾಡಬಹುದು. ಹೊಳೆದಂಡೆಯ ದೊಡ್ಡ ಊರಿಗೊಬ್ಬರಂತೆ ಪರವಾನಗಿ ಪಡೆದವರನ್ನು ತಯಾರು ಮಾಡುವ ಕೆಲಸವನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಹೊರಬೇಕು.

ಆಗುತ್ತಿರುವುದು ಇದಕ್ಕೆ ವಿರುದ್ಧ. ಬೆಳಗಾವಿಯಲ್ಲೇ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010ರ ಪಠ್ಯಕ್ರಮದಲ್ಲಿ ‘ಆಂಟೆನಾಸ್ ಅಂಡ್ ಪ್ರೊಪಗೇಶನ್’ ಪೂರ್ತಿ ಒಂದು ಪೇಪರಾಗಿತ್ತು. 2015ರ ಹೊತ್ತಿಗೆ ಅದು ಮೈಕ್ರೋವೇವ್ ಜೊತೆ ಒಂದೇ ಪೇಪರಿನೊಳಗೆ ಸೇರಿಕೊಂಡಿತು, ಪ್ರೊಪಗೇಶನ್ ಎಂಬ ಹೆಸರೇ ಬಿದ್ದುಹೋಯಿತು. ತರಂಗ ಆಂಟೆನಾ ಬಿಟ್ಟ ಮೇಲೆ ಎರಿಭೂಮಿಯ ಮೇಲೆ, ಗುಡ್ಡದ ಮರೆಯಲ್ಲಿ, ಕಬ್ಬಿನೊಳಗೆ, ಅಯಾನುಗೋಳದಲ್ಲಿ ಏನಾಗುತ್ತದೆಂದು ಹೇಳುವ ಭಾಗ ಅದು. ಈ ನಾಲ್ಕು ತಾಲೂಕಿಗೆ ಹೆಚ್ಚು ಬೇಕಾದ ಭಾಗವೂ ಅದೇ. ಆ ಪೇಪರನ್ನು ಮತ್ತೆ ಬಿಡಿಯಾಗಿ, ಪ್ರಾಯೋಗಿಕ ತರಗತಿಯ ಸಮೇತ ತರಬೇಕು. ಪಠ್ಯಕ್ರಮ ಬದಲಾಗಲು ವರ್ಷಗಳು ಬೇಕಾದಾವು. ಪ್ರಾಜೆಕ್ಟಿನ ವೈವಾದಲ್ಲಿ ಕುಳಿತ ಪರೀಕ್ಷಕರು, ಕಟ್ಟಿ ಅಳೆಯದ ಆಂಟೆನಾದ ಬರೀ ಗ್ರಾಫಿಗೆ ಪೂರ್ಣ ಅಂಕ ಕೊಡುವುದನ್ನು ಬರುವ ಸೆಮಿಸ್ಟರಿನಿಂದಲೇ ನಿಲ್ಲಿಸಬಹುದು. ಅದಕ್ಕೆ ಯಾವ ಸುತ್ತೋಲೆಯ ದಾರಿಯನ್ನೂ ಕಾಯಬೇಕಿಲ್ಲ.